ಅಗುಳು ಪಾತ್ರೆಯ ನಡುವಿನದಾಗಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಅಡುಗೆ ಬಲ್ಲವರು ಆ ಅಗುಳನ್ನು ಪಾತ್ರೆಯ ನಡುವಿನಿಂದ ಎತ್ತುತ್ತಾರೆ. ತಳ ಹಿಡಿದದ್ದನ್ನು ನೋಡಿ ಅನ್ನದ ಹದ ಹೇಳುವವರಿಲ್ಲ. ಹಿಟಾಚಿ, ಲೋಡರ್, ಟಿಪ್ಪರ್‌ಗಳ ಒಳಗಿನ ಸವೆತ, ಕೊಳೆ ತಿಳಿಯಲು ಪರೀಕ್ಷೆಗೆ ಆಯಿಲ್ ಸ್ಯಾಂಪಲ್ ತೆಗೆಯುವುದೂ ಹೀಗೆಯೇ. ಲೀಟರ್‌ಗಟ್ಟಲೆ ಆಯಿಲ್‌ನ ಪರವಾಗಿ ಅಂಗೈಯಗಲದ ಒಂದು ಬಾಟಲಿ ಪ್ರಯೋಗಾಲಯಕ್ಕೆ ಹೋಗಿ ಸಾಕ್ಷಿ ಹೇಳಬೇಕು.

ನಮ್ಮ ಚಿತ್ರದುರ್ಗದಲ್ಲಿ ಈ ಸಾಕ್ಷಿಯನ್ನು ಕೆಡಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿ, ಭೀಮಸಮುದ್ರದ ಸುತ್ತಿನ ಅದಿರು ಗಣಿಗಳ ಕೆಂಪು ಧೂಳು, ಇವೆರಡೇ ಸಾಕು. ಒಂದು ಆಷಾಢದಲ್ಲಿ ನಾನೇ ಆ ತಪ್ಪು ಮಾಡಿದೆ. ಬಾಟಲಿಯ ಮುಚ್ಚಳ ತೆಗೆದು ಬಾನೆಟ್ ಮೇಲಿಟ್ಟು, ಪೈಪು ತರಲು ಹೋದೆ. ವರದಿಯಲ್ಲಿ ಸಿಲಿಕಾನ್, ಅಂದರೆ ಮಣ್ಣು-ಮರಳಿನಲ್ಲಿರುವ ಅಂಶ, ಏರಿತ್ತು. ಸಿಲಿಕಾನ್ ಏರಿದರೆ ಇಂಜಿನ್ನಿಗೆ ಧೂಳು ಹೋಗುತ್ತಿದೆ ಎಂದೇ ಮೊದಲು ಅನುಮಾನಿಸುತ್ತೇವೆ. ಏರ್ ಕ್ಲೀನರ್ ಬಿಚ್ಚಿದೆವು, ಹೋಸ್‌ಗಳನ್ನೆಲ್ಲ ಕಳಚಿ ನೋಡಿದೆವು. ಎರಡು ದಿನ ಗಾಡಿ ನಿಂತಿತು, ಎಲ್ಲಿಯೂ ಬಿರುಕು ಸಿಗಲಿಲ್ಲ. ಮತ್ತೊಮ್ಮೆ ಎಚ್ಚರದಿಂದ ಸ್ಯಾಂಪಲ್ ತೆಗೆದಾಗ ಸಿಲಿಕಾನ್ ಎಂದಿನ ಮಟ್ಟಕ್ಕೆ ಇಳಿದಿತ್ತು. ಆ ಮೊದಲ ವರದಿಯನ್ನು ನಾನು ಪೂರ್ತಿ ಓದಬೇಕಿತ್ತು. ಅದರಲ್ಲಿ ಕಬ್ಬಿಣದ ಅಂಶ ಏರಿರಲೇ ಇಲ್ಲ. ಧೂಳು ನಿಜವಾಗಿ ಒಳಗೆ ಹೋಗಿದ್ದರೆ ಇಂಜಿನ್ನಿನೊಳಗಿನ ಲೈನರ್, ಪಿಸ್ಟನ್ ರಿಂಗ್ ಸವೆದು ಕಬ್ಬಿಣವೂ ಜೊತೆಗೆ ಏರುತ್ತಿತ್ತು.

ಅಂದಿನಿಂದ ನನ್ನ ಪದ್ಧತಿ ಹೀಗಿದೆ. ಗಾಡಿ ದುಡಿದು ಆಯಿಲ್ ಬಿಸಿಯಾಗಿರುವಾಗಲೇ ಸ್ಯಾಂಪಲ್ ತೆಗೆಯುತ್ತೇನೆ. ಇಂಜಿನ್ ಆರಿಸಿದ ಮೇಲೆ ಹೆಚ್ಚು ಹೊತ್ತು ಕಾಯುವುದಿಲ್ಲ. ತಣ್ಣಗಾಗಲು ಬಿಟ್ಟರೆ ಲೋಹದ ಕಣ ತಳಕ್ಕಿಳಿಯುತ್ತದೆ, ನೀರಿದ್ದರೆ ಅದೂ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಸುತ್ತಲಿನ ಮಣ್ಣನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ಆಮೇಲೆ ಕಡ್ಡಿ ಹೊರಗೆಳೆಯುತ್ತೇನೆ. ಕಾಟನ್ ವೇಸ್ಟ್ ಬಳಸಬೇಡಿ, ಅದರ ನೂಲೇ ಬಾಟಲಿಗೆ ಬೀಳುತ್ತದೆ. ಹೊಸ ಪ್ಲಾಸ್ಟಿಕ್ ಪೈಪನ್ನು ಡಿಪ್‌ಸ್ಟಿಕ್ ಪಕ್ಕದಲ್ಲಿ ಹಿಡಿದು ಅಳೆದು ಕತ್ತರಿಸುತ್ತೇನೆ. ಅದರ ತುದಿ ಆಯಿಲ್‌ನ ನಡುಮಟ್ಟದಲ್ಲಿ ನಿಲ್ಲಬೇಕು, ಚೇಂಬರಿನ ತಳ ಮುಟ್ಟಬಾರದು. ಮುಚ್ಚಳ ತೆಗೆದ ಕೂಡಲೇ ಬಾಟಲಿಯನ್ನು ಪೈಪಿನಿಂದ ಆಯಿಲ್ ಎಳೆಯುವ ಕೈಪಂಪಿಗೆ ತಿರುಗಿಸಿ, ಮುಕ್ಕಾಲು ತುಂಬಿದೊಡನೆ ಮುಚ್ಚುತ್ತೇನೆ. ಕಂಠಮಟ್ಟ ತುಂಬಿದರೆ ಪ್ರಯೋಗಾಲಯದವರಿಗೆ ಕುಲುಕಿ ಬೆರೆಸಲು ಜಾಗವಿರುವುದಿಲ್ಲ.

ಸ್ಯಾಂಪಲ್ ವಾಲ್ವ್ ಇರುವ ಗಾಡಿಯಾದರೆ ಕೆಲಸ ಇನ್ನೂ ಚೆನ್ನ. ಮೊದಲು ಸ್ವಲ್ಪ ಆಯಿಲ್ ಹೊರಬಿಟ್ಟು, ವಾಲ್ವಿನ ಬಾಯಲ್ಲಿ ಕೂತಿದ್ದ ಹಳೆಯ ಕೊಳೆ ಹೋದ ಮೇಲೆ ಬಾಟಲಿ ಹಿಡಿಯಿರಿ. ಡ್ರೈನ್ ಪ್ಲಗ್ಗಿನಿಂದ ಹಿಡಿಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಆಗಲೂ ಮೊದಲ ಧಾರೆ ಬೇಡ, ನಡುಧಾರೆ ಇರಲಿ.

ಒಂದೇ ಗಾಡಿಯಿಂದ ಹಲವು ಸ್ಯಾಂಪಲ್ ಬೇಕಾದರೆ ಮೊದಲು ಹೈಡ್ರಾಲಿಕ್, ನಂತರ ಗೇರ್‌ಬಾಕ್ಸ್, ಕೊನೆಗೆ ಇಂಜಿನ್. ಇಂಜಿನ್ನಿನ ಕರಿ ಪಂಪಿಗೆ ಅಂಟಿದರೆ ಹೈಡ್ರಾಲಿಕ್ ಸ್ಯಾಂಪಲ್ ಕೆಟ್ಟಂತೆಯೇ. ಹೈಡ್ರಾಲಿಕ್ ಆಯಿಲ್‌ನ ಕಣಗಳನ್ನು ಎಣಿಸುವ ಐಎಸ್ಒ 4406 ಮಾನದಂಡ 4, 6, 14 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಗಾತ್ರಗಳಿಂದ ಲೆಕ್ಕ ಹಿಡಿಯುತ್ತದೆ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪವಿದೆ. ಕಣ್ಣಿಗೆ ಫಳಫಳ ಹೊಳೆಯುವ ಬಾಟಲಿಯೂ ಈ ಲೆಕ್ಕದಲ್ಲಿ ಕೊಳಕಾಗಿರಬಹುದು. ಆದ್ದರಿಂದ ಖಾಲಿಯಾದ ನೀರಿನ ಬಾಟಲಿಯಲ್ಲಿ ಸ್ಯಾಂಪಲ್ ಕಳಿಸುವವರನ್ನು ಕೈಮುಗಿದು ಬೇಡಿಕೊಳ್ಳುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಉಳಿದ ಒಂದು ಹನಿ ನೀರು ನಿಮ್ಮ ಗಾಡಿಗೆ ಇಲ್ಲದ ಕಾಯಿಲೆಯನ್ನು ವರದಿಯಲ್ಲಿ ಬರೆಸುತ್ತದೆ.

ಚೀಟಿಯನ್ನು ಅಲ್ಲಿಯೇ, ಗಾಡಿಯ ಪಕ್ಕದಲ್ಲೇ ನಿಂತು ಬರೆಯಿರಿ. ಗಾಡಿಯ ನಂಬರು, ಅವರ್ ಮೀಟರ್ ಎಷ್ಟು, ಆಯಿಲ್ ಹಾಕಿ ಎಷ್ಟು ಗಂಟೆಯಾಯಿತು, ಯಾವ ಆಯಿಲ್, ನಡುವೆ ಎಷ್ಟು ಲೀಟರ್ ಟಾಪ್‌ಅಪ್ ಮಾಡಿದಿರಿ. ಈ ಕೊನೆಯದನ್ನು ಆಪರೇಟರನ್ನೇ ಕೇಳಬೇಕು. ಹೊಸ ಆಯಿಲ್ ಬೆರೆತಷ್ಟೂ ಕಬ್ಬಿಣ, ತಾಮ್ರದ ಅಂಕಿ ಕಡಿಮೆ ಕಾಣುತ್ತದೆ, ಸವೆತ ಮಾತ್ರ ಹಾಗೆಯೇ ನಡೆದಿರುತ್ತದೆ. ರಾತ್ರಿ ಪಾಳಿಯ ಹುಡುಗ ಹಾಕಿದ ಐದು ಲೀಟರ್ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅವನನ್ನು ಕೇಳಿದರೆ ಹೇಳುತ್ತಾನೆ.

ನಮಸ್ಕಾರ.