ಜ್ವರ ಬಿಟ್ಟಿತು, ರಕ್ತ ನೋಡಿಸಿದಿರಾ?

ಎಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ಮಳೆ ಹಿಡಿಯಿತು ಅಂದರೆ ನನ್ನ ದವಾಖಾನೆಯಲ್ಲಿ ಮಲೇರಿಯಾ ಚಳಿಜ್ವರದವರ ಸಾಲು. ಎಲ್ಲರೂ ಕೇಳುವುದು ಒಂದೇ: ಡಾಕ್ಟ್ರೇ, ಜ್ವರ ಯಾವಾಗ ಬಿಡುತ್ತದೆ? ಬಿಡುತ್ತದೆ ರೀ. ರಕ್ತ ಎಷ್ಟು ಉಳಿದಿದೆ ಅಂತ ಯಾರೂ ಕೇಳುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಕುಂದಾಪುರದ ಕಡೆಯವನು, ಮಾಟುಂಗಾದಲ್ಲಿ ಹೋಟೆಲ್ ಕೆಲಸ. ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆ ಒಬ್ಬನೇ ಎತ್ತುತ್ತಿದ್ದವನು, ಈಗ ಒಂದು ಮಾಳಿಗೆ ಹತ್ತಬೇಕಾದರೆ ನಡುವೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ‘ಜ್ವರ ಇಲ್ಲ ಡಾಕ್ಟ್ರೇ, ಸುಮ್ನೆ ಸುಸ್ತು’ ಅಂದ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ ಜಾಗ ತೊಳೆದ ಅಕ್ಕಿಯ ಹಾಗೆ ಬಿಳಿ. ರಕ್ತದ ಕೆಂಪು ಅಂಶ, ಹಿಮೋಗ್ಲೋಬಿನ್, ಬರೀ 7. ಗಂಡಸಿಗೆ 13 ಆದರೂ ಬೇಕು. ಕೆದಕಿ ಕೇಳಿದಾಗ ಗೊತ್ತಾಯಿತು, ಆ ಮಳೆಗಾಲದಲ್ಲೇ ಮೂರು ಸಲ ವೈವ್ಯಾಕ್ಸ್ ಅನ್ನುವ ಜಾತಿಯ ಮಲೇರಿಯಾ, ಪ್ರತಿ ಸಲವೂ 14 ದಿನದ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ದಾರೆ, ಜ್ವರ ಬಿಟ್ಟ ದಿನ ಇವನೂ ಮಾತ್ರೆ ಬಿಟ್ಟಿದ್ದಾನೆ. ಮಿಕ್ಕ ಮಾತ್ರೆಗಳೆಲ್ಲ ಟ್ರಂಕಿನಲ್ಲಿದ್ದವು, ತಂದು ಮೇಜಿನ ಮೇಲೆ ಸುರಿದ. ನನಗೆ ಹೊಟ್ಟೆ ಉರಿಯಿತು.

ಒಳಗೆ ಏನಾಗುತ್ತದೆ ಕೇಳಿ. ಮಲೇರಿಯಾದ ರೋಗಾಣು ಕೆಂಪು ರಕ್ತಕಣದೊಳಗೇ ಮನೆ ಮಾಡುತ್ತದೆ, ಅಲ್ಲಿನ ಹಿಮೋಗ್ಲೋಬಿನ್ನನ್ನೇ ತಿಂದು ಬೆಳೆಯುತ್ತದೆ, ಎರಡು ದಿನಕ್ಕೆ ಕಣ ಒಡೆದು ಮರಿಗಳೆಲ್ಲ ಹೊರಬಂದು ಬೇರೆ ಕಣಗಳಿಗೆ ನುಗ್ಗುತ್ತವೆ. ನಿಮಗೆ ಹಲ್ಲು ಕಟಕಟ ಅನ್ನುವ ಚಳಿ ಬರುವುದು ಆಗಲೇ. 120 ದಿನ ಬಾಳಬೇಕಾದ ಕಣ ಅದು! ಹೊಟ್ಟೆಯ ಎಡಗಡೆ ಗುಲ್ಮ ಅಂತ ಇದೆಯಲ್ಲ, ಅದು ರೋಗ ಹತ್ತಿದ ಕಣಗಳ ಜೊತೆ ಒಳ್ಳೆಯ ಕಣಗಳನ್ನೂ ನುಂಗುತ್ತದೆ. ಹೊಸ ರಕ್ತ ಮಾಡಬೇಕಾದ ಮೂಳೆಮಜ್ಜೆಯೂ ಆಗ ಮಂಕು. ಅದಕ್ಕೇ ಜ್ವರ ಬಿಟ್ಟರೂ ರಕ್ತ ಹಿಂದೆ ಬಿದ್ದಿರುತ್ತದೆ. ವೈವ್ಯಾಕ್ಸ್ ಅಂತೂ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಏಳುತ್ತದೆ. ಆ 14 ದಿನದ ಮಾತ್ರೆ ಇರುವುದೇ ಅದನ್ನು ಅಲ್ಲೇ ಮುಗಿಸುವುದಕ್ಕೆ.

ಹುಡುಗ ಈ ಸಲ ಪೂರ್ತಿ ನುಂಗಿದ. ಆರು ವಾರದ ಮೇಲೆ ಹಿಮೋಗ್ಲೋಬಿನ್ 11ಕ್ಕೆ ಬಂದಿತ್ತು.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಬಸುರಿಯರಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ, ಆದರೆ ಅವರಿಗೇ ರಕ್ತ ಇಳಿದರೆ ಅಪಾಯ ಜಾಸ್ತಿ, ಜ್ವರ ಬಂದ ದಿನವೇ ಬನ್ನಿ. ಮಾತ್ರೆ ನುಂಗುವಾಗ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ತಕ್ಷಣ ಡಾಕ್ಟರ ಹತ್ತಿರ ಓಡಿ. ಬರೀ ಬೀಟ್‌ರೂಟ್ ರಸ ಕುಡಿದು ಕೂರಬೇಡಿ ಅಮ್ಮಂದಿರೇ. ಪಾಲಿಕೆಯ ದವಾಖಾನೆಯಲ್ಲಿ ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಜ್ವರ ಬಿಟ್ಟ ಮೇಲೆ ಅಲ್ಲೇ ಇನ್ನೊಂದು ಸಲ ಹೋಗಿ, ಹಿಮೋಗ್ಲೋಬಿನ್ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.