ಕಡತ ಒಂದು ದಾರಿ, ಪಾಸ್‌ವರ್ಡ್ ಇನ್ನೊಂದು ದಾರಿ

ಕೇಳುಗರಿಗೆಲ್ಲ ನಮಸ್ಕಾರ.

ಈಗ ರೇಡಿಯೊ ಹಚ್ಚಿಕೊಂಡು ಕುಳಿತಿರುವ ನಿಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಮಸ್ಕತ್ತಿನಲ್ಲೋ ಇದ್ದಾರೆ. "ಅಪ್ಪ, ಜಾಗದ ಪಹಣಿ ಕಳುಹಿಸಿ, ಅಮ್ಮನ ಆಧಾರ್ ಕಳುಹಿಸಿ" ಎಂದು ಫೋನ್ ಮಾಡುತ್ತಾರೆ. ನೀವು ಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತೀರಿ. ಜಾಗ್ರತೆಯವರಾದರೆ ಆ ಪಿಡಿಎಫ್‌ಗೆ ಪಾಸ್‌ವರ್ಡ್ ಕೂಡ ಹಾಕುತ್ತೀರಿ. ಬಹಳ ಸಂತೋಷ. ಆದರೆ ಮರುಕ್ಷಣವೇ, ಅದರ ಕೆಳಗೇ, ಪಾಸ್‌ವರ್ಡ್ ಇಂಥದ್ದು ಎಂದು ಬರೆದೂ ಕಳುಹಿಸುತ್ತೀರಿ! ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಕಡತ ಹೋದ ದಾರಿಯಲ್ಲಿ ಪಾಸ್‌ವರ್ಡ್ ಹೋಗಬಾರದು. ಕಡತ ವಾಟ್ಸ್ಆ್ಯಪ್‌ನಲ್ಲಿ ಹೋಯಿತೇ, ಪಾಸ್‌ವರ್ಡ್ ಅನ್ನು ಫೋನ್ ಮಾಡಿ ಬಾಯಲ್ಲಿ ಹೇಳಿ.

ಈ ಮಾತನ್ನು ಮಂಗಳೂರು, ಉಡುಪಿಯವರಿಗೆ ಹೇಳಬೇಕಾಗಿ ಬಂದಿದೆಯಲ್ಲ ಎಂಬುದೇ ನನ್ನ ಬೇಸರ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು 1906ರಿಂದ 1931ರೊಳಗೆ ಐದು ಬ್ಯಾಂಕುಗಳು ಹುಟ್ಟಿದ ನೆಲ ಇದು. ಲಾಕರಿಗೆ ಎರಡು ಕೀಲಿ, ಒಂದು ಬ್ಯಾಂಕಿನವರ ಬಳಿ, ಇನ್ನೊಂದು ಗಿರಾಕಿಯ ಬಳಿ. ಎರಡೂ ಒಬ್ಬರ ಕೈಗೆ ಸಿಗಕೂಡದು ಎಂಬುದು ಇಲ್ಲಿ ಅಜ್ಜಿಯಂದಿರಿಗೂ ಗೊತ್ತು. ಮೊಬೈಲ್ ಕೈಗೆ ಬಂದ ಕೂಡಲೇ ಅದೆಲ್ಲ ಎಲ್ಲಿ ಹೋಗುತ್ತದೆಯೋ!

ನನಗೆ ಬೇಕಾದ ಹಿರಿಯರೊಬ್ಬರಿದ್ದಾರೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಹೆಸರು, ಊರು ಹೇಳುವುದಿಲ್ಲ, ಅವರೂ ರೇಡಿಯೊ ಕೇಳುವವರೇ. ಹಿರಿಯರ ಕಾಲದ ಅಡಿಕೆ ತೋಟ, ಮನೆ, ಎರಡು ಗದ್ದೆ ಪಾಲು ಮಾಡಬೇಕೆಂದು ಅವರೇ ಕುಳಿತು ಪಾಲುಪಟ್ಟಿಯ ಕರಡು ಬರೆದರು. ಮೊದಲು ಮುಂಬಯಿಯ ತಮ್ಮನಿಗೆ ಮಾತ್ರ ತೋರಿಸಬೇಕು, ಅವನು ಒಪ್ಪಿದ ಮೇಲೆ ಉಳಿದವರಿಗೆ ಎಂಬ ಲೆಕ್ಕಾಚಾರ. ಪಾಸ್‌ವರ್ಡ್ ಹಾಕುವುದು ಹೇಗೆಂದು ನನ್ನನ್ನು ಕರೆಸಿ ಕಲಿತರು, ಡೈರಿಯಲ್ಲಿ ಗುರುತು ಹಾಕಿಕೊಂಡರು. ಶಿಸ್ತಿನ ಮನುಷ್ಯ. ಕಡತ ಕಳುಹಿಸಿದರು. ತಮ್ಮ, "ತೆರೆಯುವುದಿಲ್ಲ" ಎಂದ. ಇವರಿಗೆ ಸಿಟ್ಟು ಬಂತು. ಅದರ ಕೆಳಗೇ ಪಾಸ್‌ವರ್ಡ್ ಟೈಪ್ ಮಾಡಿ ಒತ್ತಿದರು. ಅದೂ ಏನು? ತಮ್ಮ ಕಾರಿನ ನಂಬರು, ಕೆಎ 20ರಿಂದ ಶುರುವಾಗುವುದು.

ತಮ್ಮನಿಗೆ ಸಣ್ಣ ಪರದೆಯಲ್ಲಿ ಓದಲಾಗುವುದಿಲ್ಲ. ಮಗಳು ಕಂಪ್ಯೂಟರಿನಲ್ಲಿ ತೆರೆದು ಕೊಡಲಿ ಎಂದು ಎರಡೂ ಸಂದೇಶಗಳನ್ನು ಒತ್ತಿ ಹಿಡಿದು ಒಟ್ಟಿಗೆ ಮುಂದಕ್ಕೆ ಕಳುಹಿಸಿದರು. ಬೆರಳು ಮಗಳ ಹೆಸರಿನ ಮೇಲೆ ಬೀಳಬೇಕಾದದ್ದು ಒಂದು ಸಾಲು ಮೇಲೆ ಬಿತ್ತು. ಅಲ್ಲಿದ್ದದ್ದು ಕುಟುಂಬದ ಗುಂಪು! ಅತ್ತೆ, ಮಾವ, ಭಾವ, ಸೊಸೆಯ ತವರಿನವರು, ಎಲ್ಲರೂ ಇರುವ ಗುಂಪು. ಗಾಬರಿಯಲ್ಲಿ ಅಳಿಸಲು ಹೋದರು. 'ಎಲ್ಲರಿಗೂ ಅಳಿಸು' ಎಂಬುದನ್ನು ಒತ್ತುವ ಬದಲು 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದರು. ಅವರ ಫೋನಿನಿಂದ ಮಾಯವಾಯಿತು, ಊರವರ ಫೋನಿನಲ್ಲೆಲ್ಲ ಉಳಿಯಿತು. ಅಳಿಸಿ ಆಯಿತಲ್ಲ ಎಂದು ಅವರು ಊಟಕ್ಕೆ ಕುಳಿತರಂತೆ.

ಇತ್ತ ಅಣ್ಣನಿಗೆ ಪುತ್ತೂರಿನ ತಂಗಿಯ ಫೋನ್. ಕ್ಷೇಮ ಸಮಾಚಾರ ಒಂದೂ ಇಲ್ಲ. "ಅಣ್ಣ, ತೋಟ ಮೂರು ಪಾಲು ಸರಿ, ಬಾವಿ ಯಾರ ಪಾಲಿಗೆ?" ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಹೂವಿನ ಚಿತ್ರದ ಶುಭೋದಯ ಕೂಡ ಬರಲಿಲ್ಲ ಎಂದರೆ ಪರಿಸ್ಥಿತಿ ಊಹಿಸಿಕೊಳ್ಳಿ.

ಪಾಸ್‌ವರ್ಡ್ ಅನ್ನು ಫೋನಿನಲ್ಲಿ ಹೇಳಿದ್ದರೆ? ಬೆರಳು ಎಲ್ಲಿಗೆ ಬೇಕಾದರೂ ಜಾರಲಿ, ಗುಂಪಿಗೆ ಹೋಗುತ್ತಿದ್ದದ್ದು ಯಾರಿಗೂ ತೆರೆಯಲಾಗದ ಒಂದು ಕಡತ. ಕಡತ ಒಂದು ದಾರಿ, ಪಾಸ್‌ವರ್ಡ್ ಇನ್ನೊಂದು ದಾರಿ. ಇಮೇಲಿಗೂ ಇದೇ ಮಾತು. ಎರಡನ್ನೂ ಒಂದೇ ಇಮೇಲಿನಲ್ಲಿ ಹಾಕಿದರೆ, ಆ ಇಮೇಲ್ ಹೊಕ್ಕವನಿಗೆ ಎರಡೂ ಸಿಕ್ಕಿದವು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹುಟ್ಟಿದ ದಿನಾಂಕವನ್ನು ಪಾಸ್‌ವರ್ಡ್ ಮಾಡಬೇಡಿ. ನೂರು ವರ್ಷಗಳ ಅಷ್ಟೂ ದಿನಾಂಕಗಳನ್ನು ಕೂಡಿಸಿದರೂ ಸುಮಾರು 36,500 ಮಾತ್ರ. ಕಂಪ್ಯೂಟರಿಗೆ ಅದು ಒಂದು ಕೆಲಸವೇ ಅಲ್ಲ. ಉದ್ದವಾಗಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ, ಕುಚ್ಚಲಕ್ಕಿ, ಸೈಕಲ್, ತಕ್ಕಡಿ, ಮೋಡ ಎಂದು. ತುಳುವೋ ಕೊಂಕಣಿಯೋ ಬ್ಯಾರಿಯೋ ಬೆರೆಸಿದರೆ ಇನ್ನೂ ಒಳ್ಳೆಯದು. ಈಗ ಹೇಳಿದ ನಾಲ್ಕನ್ನು ಮಾತ್ರ ಬಳಸಬೇಡಿ, ಜಿಲ್ಲೆಯೆಲ್ಲ ಕೇಳಿಸಿಕೊಂಡಿದೆ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತೀರಿ. ಇದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಕ್ಯಾಪಿಟಲ್‌ನಲ್ಲಿ, ಮುಂದೆ ಹುಟ್ಟಿದ ಇಸವಿ. ದೇಶದಲ್ಲಿ ಎಲ್ಲರ ಸೂತ್ರವೂ ಅದೇ. ನಿಮ್ಮ ಹೆಸರು, ವಯಸ್ಸು ಬಲ್ಲವರಿಗೆ ಅದು ಬೀಗವೇ ಅಲ್ಲ. ಕೇಳಿದವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆ ಎಂದಾದರೆ ಅದನ್ನೇ ಕೊಡಿ.

ಪಿಡಿಎಫ್‌ನಲ್ಲಿ ಎರಡು ಬಗೆಯ ಪಾಸ್‌ವರ್ಡ್ ಇದೆ. ಒಂದು ತೆರೆಯುವುದಕ್ಕೇ ಬೇಕಾದದ್ದು. ಇನ್ನೊಂದು 'ಮುದ್ರಿಸಬೇಡಿ, ನಕಲು ಮಾಡಬೇಡಿ' ಎನ್ನುವುದು. ಎರಡನೆಯದನ್ನು ಪಾಲಿಸುವುದು ಬಿಡುವುದು ತೆರೆಯುವ ತಂತ್ರಾಂಶದ ಮರ್ಜಿ, ಅದನ್ನು ನಂಬಬೇಡಿ. ಎಕ್ಸೆಲ್‌ನ ಶೀಟ್ ಪ್ರೊಟೆಕ್ಷನ್, ಅಂದರೆ ಹಾಳೆಯನ್ನು ತಿದ್ದದಂತೆ ತಡೆಯುವುದು, ಕೂಡ ಅದೇ ಜಾತಿ. ತೆರೆಯುವುದಕ್ಕೇ ಬೇಕಾದ ಪಾಸ್‌ವರ್ಡ್ ಹಾಕಲು ವರ್ಡ್‌ನಲ್ಲಾದರೆ ಫೈಲ್, ಇನ್ಫೋ, ಪ್ರೊಟೆಕ್ಟ್ ಡಾಕ್ಯುಮೆಂಟ್, ಅಲ್ಲಿ ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ಸೇವ್ ಆ್ಯಸ್ ಒತ್ತಿದಾಗಲೇ ಪಾಸ್‌ವರ್ಡ್ ಚೌಕ ಕಾಣುತ್ತದೆ.

ಮರೆತರೆ ಏನು ಮಾಡುವುದು? ಏನೂ ಮಾಡುವಂತಿಲ್ಲ. ತಂತ್ರಾಂಶ ಮಾಡಿದ ಕಂಪನಿಯವರೂ ತೆಗೆದುಕೊಡುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಡಿ. ಕಾಗದದ ಮೇಲೆ ಬರೆಯಬಾರದು ಎಂದು ಹುಡುಗರು ಹೇಳುತ್ತಾರೆ, ಕೇಳಬೇಡಿ. ಮಸ್ಕತ್ತಿನಲ್ಲಿ ಕುಳಿತ ಕಳ್ಳನಿಗೆ ನಿಮ್ಮ ಬೀರು ಎಟಕುವುದಿಲ್ಲ. ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ಅದನ್ನೂ ಬಾಯಲ್ಲೇ ಹೇಳಿ, ದಯವಿಟ್ಟು ಕುಟುಂಬದ ಗುಂಪಿನಲ್ಲಿ ಬರೆಯಬೇಡಿ. ನಮಸ್ಕಾರ.