ಗರ್ಭದಲ್ಲಿರುವ ಮಗುವಿಗೆ ನೋವಾಗುತ್ತಾ? ಸೂಜಿ ಎಲ್ಲಿ ಚುಚ್ಚುತ್ತೆ ಅನ್ನೋದರಿಂದ ಶುರು ಮಾಡೋಣ

[ಪರದೆ: ಸ್ಕ್ಯಾನಿಂಗ್ ಚಿತ್ರ. ಮೇಲಿಂದ ಒಂದು ಬಿಳಿ ಗೆರೆ ಇಳಿಯುತ್ತಿದೆ.]

ಈ ಬಿಳಿ ಗೆರೆ ಸೂಜಿ. ತಾಯಿಯದು ಆರ್‌ಎಚ್ ನೆಗೆಟಿವ್ ರಕ್ತ, ಮಗುವಿನದು ಪಾಸಿಟಿವ್. ತಾಯಿಯ ಪ್ರತಿಕಾಯಗಳು ಮಗುವಿನ ಕೆಂಪು ರಕ್ತಕಣಗಳನ್ನು ನಾಶ ಮಾಡ್ತಿವೆ. ಗರ್ಭದಲ್ಲಿರುವಾಗಲೇ ಮಗುವಿಗೆ ರಕ್ತ ಕೊಡಬೇಕು.

ಸೂಜಿಗೆ ಮುಖ್ಯವಾಗಿ ಎರಡು ದಾರಿ. ಹೊಕ್ಕುಳಬಳ್ಳಿ ಮಾಸಿಗೆ ಅಂಟಿಕೊಂಡಿರುವ ಜಾಗ ಒಂದು. ಅಲ್ಲಿ ನೋವಿನ ನರಗಳಿಲ್ಲ. ಇನ್ನೊಂದು ಮಗುವಿನ ಯಕೃತ್ತಿನೊಳಗಿನ ರಕ್ತನಾಳ. ಅದಕ್ಕೆ ಮಗುವಿನ ಹೊಟ್ಟೆಯನ್ನೇ ಚುಚ್ಚಬೇಕು.

1994ರಲ್ಲಿ ಲಂಡನ್ನಿನ ವೈದ್ಯರು ಇವೆರಡನ್ನೂ ಹೋಲಿಸಿ ನೋಡಿದರು. ಹೊಟ್ಟೆ ಚುಚ್ಚಿದಾಗ ಮಗುವಿನ ರಕ್ತದಲ್ಲಿ ಕಾರ್ಟಿಸೋಲ್, ಬೀಟಾ-ಎಂಡಾರ್ಫಿನ್ ಎಂಬ ಒತ್ತಡದ ಹಾರ್ಮೋನ್‌ಗಳು ಏರಿದವು. ಬಳ್ಳಿಗೆ ಚುಚ್ಚಿದಾಗ ಏರಲಿಲ್ಲ. 2001ರಲ್ಲಿ ಮಗುವಿಗೆ ಮೊದಲೇ ಫೆಂಟನಿಲ್ ಎಂಬ ನೋವು ತಗ್ಗಿಸುವ ಔಷಧ ಕೊಟ್ಟು ನೋಡಿದಾಗ ಎಂಡಾರ್ಫಿನ್ ಏರಿಕೆ ತಗ್ಗಿತು.

ಅಂದರೆ ನೋವಾಯಿತು ಅಂತಾನಾ? ಅವಸರ ಬೇಡ. ಈ ಹಾರ್ಮೋನ್‌ಗಳು ಏರೋದಕ್ಕೆ ಮಿದುಳಿನ ಹೊರಪದರ ಬೇಕಾಗಿಲ್ಲ. ಮುಟ್ಟಿದರೆ ಮಗು ಮೈ ಎಳೆದುಕೊಳ್ಳೋದಕ್ಕೂ ಬೇಕಾಗಿಲ್ಲ, ಬೆನ್ನುಹುರಿ ಸಾಕು. ವೈರಲ್ ವಿಡಿಯೋಗಳಲ್ಲಿ ಮಗು ಬೆಚ್ಚಿದ್ದನ್ನೇ ನೋವಿಗೆ ಸಾಕ್ಷಿ ಅಂತ ತೋರಿಸೋದು ತಪ್ಪು.

[ಪರದೆ: ಮಿದುಳಿನ ಅಡ್ಡಸೀಳು. ಥಾಲಮಸ್‌ನಿಂದ ಎಳೆಗಳು ಮೇಲೇರುತ್ತವೆ.]

ಜಗಳ ಇರೋದು ಈ ನರದ ಎಳೆಗಳ ಬಗ್ಗೆ. ನೋವು ಅರಿವಿಗೆ ಬರಬೇಕಾದರೆ ಮೈಯಿಂದ ಬಂದ ಸುದ್ದಿಯನ್ನು ಮಿದುಳಿನ ನಡುಭಾಗದ ಥಾಲಮಸ್ ಹೊರಪದರಕ್ಕೆ ದಾಟಿಸಬೇಕು ಅನ್ನೋದು ಸಾಮಾನ್ಯ ತಿಳಿವಳಿಕೆ. ಸುಮಾರು 20ರಿಂದ 22ನೇ ವಾರದಲ್ಲಿ ಎಳೆಗಳು ಹೊರಪದರದ ಕೆಳಗಿನ ಒಂದು ತಾತ್ಕಾಲಿಕ ಪದರದಲ್ಲಿ ಕಾಯುತ್ತಿರುತ್ತವೆ. 24ರ ಆಸುಪಾಸಿನಲ್ಲಿ ಒಳಗೆ ನುಗ್ಗುತ್ತವೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2022ರಲ್ಲಿ ಹೇಳಿದ್ದು: 28 ವಾರಕ್ಕೆ ಮೊದಲು ನೋವಿನ ಅನುಭವ ಆಗುವ ಸಂಭವ ಕಡಿಮೆ. 2020ರಲ್ಲಿ ಸ್ಟುವರ್ಟ್ ಡರ್ಬಿಶೈರ್, ಜಾನ್ ಬಾಕ್‌ಮನ್ ಎಂಬ ಸಂಶೋಧಕರು ಒಂದು ಲೇಖನದಲ್ಲಿ ಬೇರೆ ಮಾತು ಹೇಳಿದರು: ಹೊರಪದರ ಬೇಕೇ ಬೇಕು ಅನ್ನೋದು ಖಚಿತವಲ್ಲ, 12ನೇ ವಾರದಿಂದಲೇ ಒಂದು ಬಗೆಯ ಕಚ್ಚಾ ನೋವು ಇರಬಹುದು. ಗರ್ಭಪಾತದ ವಿಚಾರದಲ್ಲಿ ಇವರಿಬ್ಬರೂ ಎದುರುಬದುರು ನಿಂತವರು. ಆದ್ದರಿಂದಲೇ ಆ ಲೇಖನವನ್ನು ನಾವು ಗಂಭೀರವಾಗಿ ತಗೋತೀವಿ.

ವಾರದ ಲೆಕ್ಕದಲ್ಲಿ ಎಡವುವವರು ಬಹಳ. ವೈದ್ಯರು ಎಣಿಸೋದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನೋವಿನ ಹೆಸರಿನಲ್ಲೇ 2010ರಲ್ಲಿ ಬಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಗರ್ಭಪಾತ ನಿರ್ಬಂಧ ಕಾಯ್ದೆ ಎಣಿಸಿದ್ದು ಅಂಡ ಫಲಿತವಾದ ದಿನದಿಂದ. ಅದರ 20 ವಾರದ ಗಡಿ ಅಂದರೆ ವೈದ್ಯರ ಲೆಕ್ಕದಲ್ಲಿ 22 ವಾರ.

ಚರ್ಚೆ ಮುಗಿಯಲಿ ಅಂತ ಆಪರೇಷನ್ ಥಿಯೇಟರ್ ಕಾಯೋದಿಲ್ಲ, ಕಾಯಲೂಬಾರದು. 1980ರ ದಶಕದಲ್ಲೂ ಹುಟ್ಟಿದ ಕೂಸುಗಳಿಗೇ ಸರಿಯಾದ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡ್ತಿದ್ದರು. ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಕೂಸು ಅಲ್ಲಾಡದೆ ಮಲಗಿರುತ್ತಿತ್ತು, ಅಷ್ಟೇ. 1987ರಲ್ಲಿ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು, ಫೆಂಟನಿಲ್ ಸಿಕ್ಕ ಅವಧಿಪೂರ್ವ ಶಿಶುಗಳಲ್ಲಿ ಒತ್ತಡವೂ ತೊಡಕೂ ಕಡಿಮೆ ಅಂತ ತೋರಿಸಿದರು.

ಗರ್ಭದೊಳಗಿನ ಶಸ್ತ್ರಚಿಕಿತ್ಸೆಯಲ್ಲೂ ಅದೇ ಎಚ್ಚರ ಬೇಕು. ತಾಯಿಗೆ ಪೂರ್ಣ ಅರಿವಳಿಕೆ ಕೊಟ್ಟರೆ ಔಷಧ ಮಾಸು ದಾಟಿ ಮಗುವಿಗೂ ತಲುಪುತ್ತೆ. ತಾಯಿಯ ಹೊಟ್ಟೆಯ ಚರ್ಮಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಅದರಿಂದ ಮಗುವಿನ ನೋವು ತಗ್ಗೋದಿಲ್ಲ. ಆಗ ಮಗುವಿಗೇ ನೇರವಾಗಿ ಕೊಡಬೇಕು. 2001ರ ಅಧ್ಯಯನದಲ್ಲಿ ಫೆಂಟನಿಲ್ ಪ್ರಮಾಣ ಕಿಲೋಗೆ 10 ಮೈಕ್ರೋಗ್ರಾಂ; 600 ಗ್ರಾಂ ಮಗುವಿಗೆ ಅದು ಬರೀ 6 ಮೈಕ್ರೋಗ್ರಾಂ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಚಿಕಿತ್ಸೆ ನಿಗದಿಯಾಗಿದ್ದರೆ ವೈದ್ಯರನ್ನು ಎರಡು ಮಾತು ಕೇಳಿ: ಸೂಜಿ ಬಳ್ಳಿಗೋ, ಮಗುವಿನ ಮೈಗೋ? ಮೈಗಾದರೆ, ಅಲ್ಲಾಡದಂತೆ ಮಾಡುವ ಔಷಧದ ಜೊತೆ ನೋವು ತಗ್ಗಿಸುವುದನ್ನೂ ಕೊಡ್ತೀರಾ?